ಒಬ್ಬನೇ ಮಲಗೋ ಡೇರೆ

ಮೊದಲು ನಾವು ನಾಲ್ಕು ಜನ ಇದ್ದೆವು, ಎಲ್ಲ ಭಾಂಡುಪ್-ಮುಲುಂಡ್ ಕಡೆಯವರೇ. ವರ್ಷಕ್ಕೆ ಮೂರ್ನಾಲ್ಕು ಸಲ ಸಹ್ಯಾದ್ರಿ ಹತ್ತುತ್ತಿದ್ದೆವು. ಈಗ ಒಬ್ಬನಿಗೆ ಮಂಡಿ ನೋವು, ಒಬ್ಬನಿಗೆ ಮೊಮ್ಮಗ, ಇನ್ನೊಬ್ಬ ರಿಟೈರಾಗಿ ಕುಂದಾಪುರಕ್ಕೆ ಹೊರಟೇ ಹೋದ. ಉಳಿದದ್ದು ನಾನು ಮತ್ತು ಐದು ಕಿಲೋದ ಹಳೇ ಟೆಂಟು. ನಾಲ್ವರಿದ್ದಾಗ ಒಬ್ಬ ಬಟ್ಟೆ, ಒಬ್ಬ ಪೋಲು, ಒಬ್ಬ ಅಕ್ಕಿ ಅಂತ ಹಂಚಿಕೊಳ್ಳುತ್ತಿದ್ದೆವು. ಒಬ್ಬನೇ ಹೋಗೋನು ಯಾರಿಗೆ ಹಂಚಲಿ?

ಹಾಗಾಗಿ ನನಗೂ ಹಗುರದ ಹುಚ್ಚು ಹಿಡಿಯಿತು. ರಾತ್ರಿಯೆಲ್ಲ ಕೂತು ಗ್ರಾಂ ಲೆಕ್ಕ! ಅಮೆರಿಕದಲ್ಲಿ ಎಮ್ಮಾ ಗೇಟ್‌ವುಡ್ ಅನ್ನೋ ಅಜ್ಜಿ 1955ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಅಪಲಾಚಿಯನ್ ಹಾದಿಯ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರನ್ನು ಒಬ್ಬಳೇ ನಡೆದು ಮುಗಿಸಿದ್ದಳು. ಟೆಂಟೇ ಇಲ್ಲ, ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ಓದಿದ ಮೇಲೆ ನನ್ನ ಐದು ಕಿಲೋ ನೆನೆದು ನಾಚಿಕೆಯಾಯ್ತು. (ನಮ್ಮೂರಲ್ಲಿ ನಾಟಿಗೆ ಹೋಗುವ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬು ಕೂಡ ಒಬ್ಬರ ಡೇರೆಯೇ ಅಲ್ಲವೇ? ಇರಲಿ.)

ಕಡೆಗೆ ಎಂಟುನೂರು ಗ್ರಾಂ ಚಿಲ್ಲರೆಯ ಒಂದು ಟೆಂಟು ತರಿಸಿಕೊಂಡೆ. ಅದಕ್ಕೆ ಸ್ವಂತ ಪೋಲೇ ಇಲ್ಲ. ನಡೆಯುವ ಊರುಗೋಲನ್ನೇ ಒಳಗೆ ನಿಲ್ಲಿಸಿ, ಸುತ್ತ ಗೂಟ ಹೊಡೆದು ಬಿಗಿಯಬೇಕು. ಗೂಟ ಹಿಡಿದರೆ ಮನೆ, ಬಿಟ್ಟರೆ ಬರೀ ಬಟ್ಟೆ.

2019ರ ಡಿಸೆಂಬರ್‌ನಲ್ಲಿ ಭಾಂಡುಪ್‌ನಿಂದ ಸ್ಲೋ ಲೋಕಲ್ ಹಿಡಿದು ಕಲ್ಯಾಣ್, ಅಲ್ಲಿಂದ ಮಾಲ್ಶೇಜ್ ಘಾಟಿನ ಎಸ್.ಟಿ., ಖುಬಿ ಫಾಟಾದಲ್ಲಿ ಇಳಿದು ಖಿರೇಶ್ವರ, ತೋಲಾರ್ ಖಿಂಡ್ ದಾಟಿ ಹರಿಶ್ಚಂದ್ರಗಡ. ಬೆನ್ನು ಹಗುರ, ಹಾಡಿಕೊಂಡೇ ಹತ್ತಿದೆ. ಸಂಜೆ ಕೊಂಕಣಕಡಾದ ಹತ್ತಿರ, ಅಂಚಿನಿಂದ ಸಾಕಷ್ಟು ದೂರದಲ್ಲೇ, ಜಾಗ ನೋಡಿದೆ. ಮೊದಲ ಗೂಟ ಎರಡು ಇಂಚು ಇಳಿದು 'ಟಣ್' ಅಂತು. ಎರಡನೆಯದು ಬಾಗಿತು. ಸಹ್ಯಾದ್ರಿ ಅಂದರೆ ಕಪ್ಪು ಬಸಾಲ್ಟ್ ಬಂಡೆ, ಮೇಲೆ ಹಪ್ಪಳದಷ್ಟು ಮಣ್ಣು. ಹಗ್ಗಕ್ಕೆ ಕಲ್ಲು ಕಟ್ಟಿ ಹೇಗೋ ನಿಲ್ಲಿಸಿದೆ. ರಾತ್ರಿ ಎರಡು ಗಂಟೆಗೆ ಕೆಳಗಿನ ಕೊಂಕಣದಿಂದ ಗಾಳಿ ಎದ್ದು ಬಂತು, ಕಲ್ಲು ಉರುಳಿತು, ಕೋಲು ಜಾರಿತು, ಮನೆ ನನ್ನ ಮುಖದ ಮೇಲೆ ಬಿತ್ತು.

ಗುಡಿಯ ಹತ್ತಿರದ ಗುಹೆಗೆ ಹೋಗಬಹುದಿತ್ತು. ಆದರೆ ಪ್ರಪಾತದ ಪಕ್ಕ, ಕತ್ತಲಲ್ಲಿ, ಒಬ್ಬನೇ? ಟೆಂಟನ್ನೇ ಸುತ್ತಿಕೊಂಡು ಬೆಳಗಿನವರೆಗೆ ನಡುಗುತ್ತಾ ಕೂತೆ. ಮನೆಗೆ ಬಂದಾಗ ಇವಳು "ನಿದ್ದೆ ಬಂತಾ?" ಅಂದಳು. "ಒಳ್ಳೇ ನಿದ್ದೆ" ಅಂದೆ. ಇದನ್ನು ಓದಿದರೆ ಗೊತ್ತಾಗುತ್ತೆ, ಆಗಲಿ.

ಆ ಟೆಂಟಿನ ತಪ್ಪು ಅಂತ ನಾನು ಹೇಳಲ್ಲ. ಹುಲ್ಲು, ಮೆತ್ತಗಿನ ಮಣ್ಣು ಇರುವ ಕಡೆಗೆ ಮಾಡಿದ್ದನ್ನು ನಾನು ಬಂಡೆಯ ಮೇಲೆ ಹೊತ್ತೊಯ್ದೆ. ಅರ್ಧ ಕಿಲೋಗೂ ಕಡಿಮೆ ತೂಗುವ ಡೈನೀಮಾ ಬಟ್ಟೆಯ ಟೆಂಟುಗಳೂ ಇವೆ, ಬೆಲೆ ಐವತ್ತು ಸಾವಿರದ ಆಸುಪಾಸು. ಅದೂ ಗೂಟವನ್ನೇ ನಂಬಿದ್ದಾದರೆ ನಮ್ಮ ಕೋಟೆಗಳ ಮೇಲೆ ಅದೇ ಕಥೆ. ನಮಗೆ ಬೇಕಾದದ್ದು ತನ್ನ ಪೋಲಿನ ಮೇಲೆ ತಾನೇ ನಿಲ್ಲುವ ಟೆಂಟು. ನಿಂತ ಮೇಲೆ ಗಾಳಿಗೆ ಹಾರದಂತೆ ಕಲ್ಲು ಕಟ್ಟಿ, ಅದು ಬೇರೆ. ಅಂಥದ್ದು ಒಂದೂವರೆ ಕಿಲೋ ಆದರೂ ಆಗಲಿ. ಉಳಿದ ಏಳುನೂರು ಗ್ರಾಂ ಇಳಿಸಬೇಕೆಂದರೆ ನಿಮ್ಮ ಹೊಟ್ಟೆ ನೋಡಿಕೊಳ್ಳಿ, ನಾನೂ ನೋಡಿಕೊಂಡೆ.

ಇನ್ನೊಂದು, ಎರಡು ಪದರ ಇರಲಿ. ಡಿಸೆಂಬರ್‌ನ ಮೋಡವಿಲ್ಲದ ರಾತ್ರಿ ಇಬ್ಬನಿ ಹೊರಗೂ ಬೀಳುತ್ತೆ, ನಮ್ಮ ಉಸಿರಿನ ತೇವ ಒಳಗೂ ಕೂರುತ್ತೆ. ಒಂದೇ ಪದರವಾದರೆ ಮಗ್ಗುಲು ತಿರುಗಿದಾಗಲೆಲ್ಲ ಸ್ಲೀಪಿಂಗ್ ಬ್ಯಾಗ್ ಒದ್ದೆ. ಒಳಗೆ ಸೊಳ್ಳೆಪರದೆಯ ಪದರವಿದ್ದರೆ ಆ ಕಾಟ ಕಡಿಮೆ. ಸಿಲ್‌ನೈಲಾನ್ ಒದ್ದೆಯಾದರೆ ಜೋಲುತ್ತದೆ, ಪಾಲಿಯೆಸ್ಟರ್ ಅಷ್ಟು ಜೋಲಲ್ಲ. ಬಾಗಿಲು ಪಕ್ಕಕ್ಕಿರಲಿ. ಐವತ್ತು ದಾಟಿದವನು ತಲೆಯ ಕಡೆಯಿಂದ ತೆವಳಿ ಹೊರಬರುವುದನ್ನು ಯಾರೂ ನೋಡಬಾರದು. ಅಂಗಡಿಯಲ್ಲಿ ಒಳಗೆ ಮಲಗಿ, ಎದ್ದು ಕೂತು ನೋಡಿ, ಹುಡುಗರು ನಕ್ಕರೆ ನಗಲಿ.

ಮಳೆಗಾಲಕ್ಕೆ ಯಾವ ಟೆಂಟು ಅಂತ ಕೇಳಬೇಡಿ. ಆಗ ನಾನು ಬುಡದ ಹಳ್ಳಿಯಲ್ಲಿ ಯಾರದಾದರೂ ಜಗಲಿಯಲ್ಲಿ ಮಲಗುತ್ತೇನೆ, ಪಿಠ್ಲಾ-ಭಾಕ್ರಿಯೂ ಸಿಗುತ್ತೆ. ಊರಿಗೆ ಹೋದಾಗ ಕುಮಾರ ಪರ್ವತದ ತುದಿಯಲ್ಲಿ ಟೆಂಟ್ ಹಾಕುವ ಆಸೆ ಇರುವವರಿಗೆ: ಈಗ ಅಲ್ಲಿ ರಾತ್ರಿ ತಂಗುವಂತಿಲ್ಲ, ಹತ್ತಲಿಕ್ಕೂ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು. ಹರಿಶ್ಚಂದ್ರಗಡವೂ ಅಭಯಾರಣ್ಯದ ಭಾಗ. ಎಲ್ಲಿ ಮಲಗಬಹುದು ಅಂತ ಕೆಳಗೇ ಕೇಳಿಕೊಂಡು ಹತ್ತಿ.

ನನ್ನ ಹೊಸದು ಒಂದು ಕಿಲೋ ಆರುನೂರು ಗ್ರಾಂ. ಕಳೆದ ಭಾನುವಾರ ಸೊಸೈಟಿಯ ಟೆರೇಸ್ ಮೇಲೆ, ಗೂಟವೇ ಇಲ್ಲದ ಸಿಮೆಂಟಿನಲ್ಲಿ, ನಿಲ್ಲಿಸಿ ನೋಡಿದೆ. ನಿಂತಿತು. ಇವಳು ಒಳಗೆ ಹೋಗಿ ಮಲಗಿ, "ಇದರಲ್ಲಿ ಇಬ್ಬರು ಹಿಡಿಯಲ್ಲ" ಅಂದಳು. ಹಿಡಿಯಲ್ಲ ಅಂದೆ. "ಹಾಗಾದ್ರೆ ಮೇಲೆ ಹತ್ತಿದ ಕೂಡಲೇ ಫೋನ್ ಮಾಡಿ, ಸಿಗ್ನಲ್ ಇಲ್ಲ ಅನ್ಬೇಡಿ" ಅಂದಳು.