ಬಂದವರು ನೆಟ್ಟ ಮರಗಳು

ನಮ್ಮ ಬ್ಯಾಡರಹಳ್ಳಿಯಲ್ಲಿ ಏಳುತ್ತಿರುವ ಮನೆಗಳಿಗೆ ಗಾರೆ ಕಲಸುವವರಲ್ಲಿ ಕನ್ನಡವನ್ನು ಈಗತಾನೆ ತೊದಲುತ್ತಿರುವವರು ಹಲವರು. ಅವರನ್ನು ‘ಹೊರಗಿನವರು’ ಎಂದು ಹಳಿಯುವುದು ನನಗೆ ಸರಿಕಾಣದು. ಬೆಂಗಳೂರು ಉದ್ಯಾನನಗರಿ ಎನಿಸಿಕೊಂಡುದರಲ್ಲಿ ಜರ್ಮನಿಯವರೊಬ್ಬರ ಪಾಲು ದೊಡ್ಡದು. 1865ರಲ್ಲಿ ಜನಿಸಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಬಗೆಯ ಮರದ ಹೂ ಉದುರುವಷ್ಟರಲ್ಲಿ ಮತ್ತೊಂದು ಅರಳಬೇಕು. ವರ್ಷವಿಡೀ ನಗರದಲ್ಲಿ ಹೂವಿರಬೇಕು. ಬೀದಿಗಳಿಗೆ ಮರಗಳನ್ನು ಅವರು ಆರಿಸಿದ್ದು ಹೀಗೆ. ಎಂತಹ ದೂರದೃಷ್ಟಿ! ನಮ್ಮ ಬೀದಿಗಳ ಗುಲ್‌ಮೊಹರ್ ಮೂಲತಃ ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು. ನೆರಳಿಗೆ ನಿಂತವರಾರೂ ಅವುಗಳ ಊರನ್ನು ಕೇಳುವುದಿಲ್ಲವಷ್ಟೆ. ಕ್ರುಂಬಿಗಲ್ ಅವರು ಮುಪ್ಪಿನಲ್ಲಿಯೂ ಬೆಂಗಳೂರನ್ನು ಬಿಡಲಿಲ್ಲ. 1956ರಲ್ಲಿ ಇಲ್ಲಿಯೇ ಮಣ್ಣಾದರು.