ತಗ್ಗು ದನಿಗೆ ಕತ್ತರಿ ಹಾಕುವ ಮುನ್ನ

ಧ್ವನಿಮುದ್ರಣವೆಂಬುದು ಇಂದು ದೊಡ್ಡ ಪಟ್ಟಣಕ್ಕೆ ಹೋಗಿ ಮಾಡಿಸತಕ್ಕ ಕೆಲಸವಾಗಿ ಉಳಿದಿಲ್ಲ. ಒಂದು ಮೈಕು, ಒಂದು ಮೊಬೈಲು ಇದ್ದರೆ ಹಾಲಾಡಿಯ ಹೆಂಚಿನ ಮನೆಯ ಜಗಲಿಯೇ ಸಾಕು. ನಮ್ಮ ಸಹಪಾಠಿಗಳಲ್ಲಿ ಕೆಲವರು ಭಾಗವತಿಕೆಯನ್ನೋ ಭಾವಗೀತೆಯನ್ನೋ ಹೀಗೆ ಮುದ್ರಿಸುತ್ತಿರುವುದು ಸಂತೋಷದ ಸಂಗತಿ. ಆದರೆ ‘ಲೋ-ಕಟ್ ಫಿಲ್ಟರ್’ ಎಂಬ ಗುಂಡಿಯನ್ನು ಕಣ್ಣುಮುಚ್ಚಿ ಒತ್ತುವ ಅಭ್ಯಾಸ ಅವರಲ್ಲಿ ಬೇರೂರುತ್ತಿದೆ. ಅದರ ವಿಷಯವಾಗಿ ಎರಡು ಮಾತು.

ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿನ ಕಂಪನಗಳನ್ನು ಕ್ರಮವಾಗಿ ತಗ್ಗಿಸುವುದೇ ಈ ಫಿಲ್ಟರಿನ ಕೆಲಸ. 80 ಹರ್ಟ್ಸಿಗೆ ಇಟ್ಟು, ಸ್ಥಾಯಿಯೊಂದಕ್ಕೆ 12 ಡೆಸಿಬೆಲ್‌ನಂತೆ ಇಳಿಸಿದರೆ, 40 ಹರ್ಟ್ಸಿನ ಗಡಗಡ ಶಬ್ದ ಸುಮಾರು ಕಾಲು ಪಾಲಾಗುತ್ತದೆ. ಮೇಜಿನ ಅದುರು, ಬಸ್ಸಿನ ಮೊರೆತ, ‘ಪ’ ‘ಭ’ಗಳನ್ನು ಉಚ್ಚರಿಸುವಾಗ ಮೈಕಿಗೆ ಬಡಿಯುವ ಉಸಿರು ಇವಕ್ಕೆಲ್ಲ ಅದು ಒಳ್ಳೆಯ ಮದ್ದು. ಉಸಿರಿನ ಹೊಡೆತಕ್ಕೆ ದನಿಯೇ ಒಡೆದು ಮುದ್ರಿತವಾದರೆ ಆಮೇಲೆ ಸರಿಪಡಿಸುವುದು ಕಷ್ಟ. ಆದುದರಿಂದ ಮೈಕಿನಲ್ಲಿ ಈ ಗುಂಡಿ ಇರುವುದು ನ್ಯಾಯವೇ.

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ವಿದ್ಯುತ್ತಿನ 50 ಹರ್ಟ್ಸಿನ ಗುಂಯ್ ಕಡಿಮೆಯಾದರೂ ಅದರ ಇಮ್ಮಡಿಯಾದ 100 ಉಳಿಯುತ್ತದೆ. ಹೆಂಚಿನ ಮೇಲೆ ಸುರಿಯುವ ಆಷಾಢದ ಮಳೆಯಂತೂ ಮೇಲು ಕೆಳಗೆನ್ನದೆ ಎಲ್ಲ ಮಟ್ಟಗಳಲ್ಲೂ ಹರಡಿರುತ್ತದೆ. ಆಗ ನಮ್ಮವರು ಮಾಡುವುದೇನು? ಫಿಲ್ಟರನ್ನು ಇನ್ನೂ ಮೇಲಕ್ಕೆ ಏರಿಸುವುದು! ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 131 ಹರ್ಟ್ಸ್. ಮಂದ್ರ ಪಂಚಮ 98. ಫಿಲ್ಟರು 80ರಲ್ಲಿದ್ದರೆ ಇವೆರಡೂ ಬಹುಮಟ್ಟಿಗೆ ಉಳಿಯುತ್ತವೆ. 150ಕ್ಕೆ ಏರಿದರೆ ಷಡ್ಜದ ಬುಡವೇ ಸವೆಯುತ್ತದೆ. ಮಳೆ ಮಾತ್ರ ಇದ್ದಲ್ಲೇ ಇರುತ್ತದೆ.

ಹೆಂಗಸರ ದನಿ ಎತ್ತರದ್ದು, ಅದಕ್ಕೆ 150 ಆದರೂ ಬಾಧಕವಿಲ್ಲವೆಂದು ಕೆಲವರು ವಾದಿಸುತ್ತಾರೆ. ಆದರೆ ವಯಸ್ಸಾದಂತೆ ಹೆಣ್ಣಿನ ಕಂಠ ತಗ್ಗುವುದು ಸಾಮಾನ್ಯ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗಳು. ನಮ್ಮ ಅಮ್ಮಮ್ಮನಿಗೆ ಅಕ್ಷರ ಬಾರದು. ಶೋಭಾನೆ ಹಾಡುಗಳೆಲ್ಲ ಆಕೆಯ ಕಂಠದಲ್ಲಿಯೇ ಇವೆ. ಆ ಕಂಠದ ಮುದ್ರಣವೇ ನಮಗೆ ಪುಸ್ತಕ. ಅದರ ಪುಟದ ಅಂಚನ್ನು ಕತ್ತರಿಸಲು ನನಗೆ ಕೈ ಬಾರದು.

ಹಳೆಯ ತಂತಿ ದೂರವಾಣಿಯಲ್ಲಿ 300 ಹರ್ಟ್ಸಿಗಿಂತ ಕೆಳಗಿನದು ಬಹುಪಾಲು ಬರುತ್ತಿರಲಿಲ್ಲ. ಆದರೂ ತಾಯಿಯ ದನಿಯನ್ನು ಗುರುತಿಸುತ್ತಿರಲಿಲ್ಲವೆ ಎಂದು ಕೇಳಬಹುದು. ದಿಟ. ಮೇಲಿನ ಸ್ವರಾಂಶಗಳಿಂದ ಕಿವಿ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಆದರೆ ಗುರುತು ಸಿಕ್ಕುವುದು ಬೇರೆ, ಎದುರಿಗೆ ಕುಳಿತಂತೆ ಕೇಳಿಸುವುದು ಬೇರೆ. ಗೌಹರ್ ಜಾನ್ 1902ರಲ್ಲಿ ಹಾಡಿದಾಗ ಕಹಳೆಯ ಮುಖಾಂತರ ಮುದ್ರಿಸುತ್ತಿದ್ದ ಯಂತ್ರಕ್ಕೆ ತಗ್ಗು ಸ್ವರ ಹಿಡಿಯುವ ಶಕ್ತಿ ಇರಲಿಲ್ಲ. ವಿದ್ಯುತ್ ಮುದ್ರಣ ಬಳಕೆಗೆ ಬಂದುದು 1925ರಲ್ಲಿ. ಅಂದಿನ ನಷ್ಟ ಯಂತ್ರದ ಬಡತನದಿಂದ. ಇಂದಿನದು ನಮ್ಮ ಬೆರಳಿನಿಂದ.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಮೊದಲು ಫ್ಯಾನು ನಿಲ್ಲಿಸಿ, ಮೈಕಿನ ಕಾಲಿನಡಿಗೆ ದಪ್ಪ ಬಟ್ಟೆ ಹಾಸಿ, ಮೈಕನ್ನು ಬಾಯಿಯ ನೇರದಿಂದ ತುಸು ಓರೆಗೆ, ಒಂದು ಗೇಣು ದೂರದಲ್ಲಿಡಿ. ಮಳೆ ಬಿಡುವವರೆಗೆ ಕಾಯಿರಿ. ಇಷ್ಟಾದ ಮೇಲೂ ಗಡಗಡ ಉಳಿದರೆ 80ರ ಗುಂಡಿ ಒತ್ತಿರಿ. ಅದಕ್ಕೂ ಹೆಚ್ಚಿನ ಕತ್ತರಿ ಬೇಕಾದರೆ ಮೂಲವನ್ನು ಹಾಗೆಯೇ ಕಾಪಾಡಿ, ಪ್ರತಿಯ ಮೇಲೆ ಪ್ರಯೋಗಿಸಿರಿ. ಪ್ರತಿ ಕೆಟ್ಟರೆ ಇನ್ನೊಂದು ತೆಗೆಯಬಹುದು. ಹಾಡಿದವರು ಮಾತ್ರ ಯಾವಾಗಲೂ ಮತ್ತೊಮ್ಮೆ ಹಾಡಲು ಇರುವುದಿಲ್ಲ.