ನಾಲ್ಕರಲ್ಲಿ ಒಂದು ಬ್ಯಾಟರಿ ಬದಲಿಸಿದರೆ ಉಳಿತಾಯವೇ? ಬ್ಯಾಟರಿ ಆಟೊದವರ ಲೆಕ್ಕ ತಪ್ಪುವುದು ಎಲ್ಲಿ

ಪಾಂಡವಪುರ: ಎರಡು–ಮೂರು ವರ್ಷದ ಹಿಂದೆ ತಗೊಂಡ ಬ್ಯಾಟರಿ ಆಟೊ, ಸಾಮಾನು ಸಾಗಿಸುವ ಬ್ಯಾಟರಿ ಗಾಡಿಗಳಿಗೆ ಈಗ ಮೊದಲಿನ ಓಟ ಬರುತ್ತಿಲ್ಲ. ಬೆಳಿಗ್ಗೆ ಫುಲ್ ಚಾರ್ಜ್ ತೋರಿಸಿದ ಗಾಡಿ ಮಧ್ಯಾಹ್ನ ಊಟದ ಹೊತ್ತಿಗೆ ಕೆಂಪು ಗೆರೆಗೆ ಬಂದಿರುತ್ತೆ. ಮಾಲೀಕ ಮೆಕ್ಯಾನಿಕ್ ಹತ್ತಿರ ಹೋದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ‘ಒಂದ್ ಬ್ಯಾಟ್ರಿ ವೀಕಾಗದೆ, ಅದೊಂದ್ ಹಾಕ್ಸ್ ಬುಡಣ್ಣ, ಆಯ್ತದೆ.’

ಕೈಯಲ್ಲಿ ದುಡ್ಡು ಕಮ್ಮಿ ಇರುವವನಿಗೆ ಈ ಮಾತು ಹಿತವಾಗೇ ಕೇಳುತ್ತೆ. ಆದರೆ ಬ್ಯಾಟರಿ ಗಾಡಿ ವಿಚಾರದಲ್ಲಿ ಅತಿ ಹೆಚ್ಚು ದುಡ್ಡು ಹಾಳಾಗುವುದು ಈ ಒಂದು ಸಲಹೆಯಿಂದಲೇ.

ಕಾರಣ ವೈರಿಂಗ್‌ನಲ್ಲಿದೆ. ಈ ಗಾಡಿಗಳಲ್ಲಿ ಬಹುಪಾಲು 48 ವೋಲ್ಟ್‌ನಲ್ಲಿ ಓಡುವಂಥವು. 12 ವೋಲ್ಟ್‌ನ ನಾಲ್ಕು ಬ್ಯಾಟರಿಗಳನ್ನು ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್ ಸೇರಿಸಿ ಸರಪಳಿ ಥರ ಕಟ್ಟಿರುತ್ತಾರೆ. ಹೀಗೆ ಕಟ್ಟಿದಾಗ ವೋಲ್ಟ್ ಕೂಡುತ್ತೆ, ಆಂಪಿಯರ್ ಅವರ್ ಕೂಡುವುದಿಲ್ಲ. 100 ಆಂಪಿಯರ್ ಅವರ್‌ನ ನಾಲ್ಕು ಬ್ಯಾಟರಿ ಸೇರಿದರೂ ಸೆಟ್ ಇರುವುದು 100ರದ್ದೇ. ಮೋಟಾರಿಗೆ ಹೋಗುವ ಕರೆಂಟ್ ನಾಲ್ಕರ ಮೂಲಕವೂ ಹಾದು ಹೋಗಲೇಬೇಕು. ನಾಲ್ಕರಲ್ಲಿ ಒಂದು ಬಳಲಿ 60ಕ್ಕೆ ಇಳಿದಿದ್ದರೆ ಇಡೀ ಗಾಡಿ 60ರದ್ದು ಅಂತಲೇ ಲೆಕ್ಕ.

ಈಗ ಮೂರು ಹಳೆಯದರ ಜೊತೆ ಒಂದು ಹೊಸದು ಹಾಕಿಸಿದರು ಅಂದುಕೊಳ್ಳಿ. ಹೊಸದರಲ್ಲಿ ಇನ್ನೂ ಚಾರ್ಜ್ ಇರುವಾಗಲೇ ಹಳೆಯವು ಖಾಲಿಯಾಗುತ್ತವೆ. ಚಾಲಕನಿಗೆ ಅದು ಗೊತ್ತಾಗುವುದಿಲ್ಲ, ಯಾಕಂದ್ರೆ ಮೀಟರ್ ತೋರಿಸುವುದು ನಾಲ್ಕರ ಒಟ್ಟು ವೋಲ್ಟ್ ಮಾತ್ರ. ಅವನು ಇನ್ನೊಂದು ಟ್ರಿಪ್ ಹೊಡೆದಾಗ ಖಾಲಿಯಾದ ಬ್ಯಾಟರಿಯೊಳಗೆ ಕರೆಂಟ್ ಬಲವಂತವಾಗಿ ನುಗ್ಗಿ, ಅದರ ಸೆಲ್ ಉಲ್ಟಾ ಚಾರ್ಜ್ ಆಗುವ ಮಟ್ಟಕ್ಕೂ ಹೋಗುತ್ತೆ. ರಾತ್ರಿ ಚಾರ್ಜಿಗೆ ಹಾಕಿದಾಗಲೂ ಇದೇ ಕಥೆ. ಹಳೆಯವು ಬೇಗ ತುಂಬಿ ಕುದಿಯತೊಡಗುತ್ತವೆ, ಹೊಸದಕ್ಕೆ ಪೂರ್ತಿ ಚಾರ್ಜೇ ಸಿಗುವುದಿಲ್ಲ. ದಿನಾ ಅರೆಹೊಟ್ಟೆ ಉಂಡ ಹೊಸ ಬ್ಯಾಟರಿ ಕೆಲವೇ ತಿಂಗಳಲ್ಲಿ ಹಳೆಯವುಗಳ ಸಾಲಿಗೆ ಸೇರುತ್ತೆ. ಆಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಕಂತಿನಲ್ಲಿ ನಾಲ್ಕನ್ನೂ ಬದಲಿಸಿದ ದುಡ್ಡು ಹೋಗಿರುತ್ತೆ, ಒಂದು ದಿನವೂ ಹೊಸ ಸೆಟ್‌ನ ಓಟ ಸಿಕ್ಕಿರುವುದಿಲ್ಲ.

ಒಂದೇ ಬದಲಿಸಿದರೆ ನಡೆಯುವ ಸಂದರ್ಭವೂ ಇದೆ. ಸೆಟ್ ಹೊಸದಾಗಿದ್ದು, ವಾರಂಟಿ ಒಳಗೇ ಒಂದು ಕೈಕೊಟ್ಟರೆ ಅದೇ ಕಂಪನಿಯ, ಅದೇ ಮಾಡೆಲ್‌ನ ಇನ್ನೊಂದು ಹಾಕಿಸಬಹುದು. ವರ್ಷ ದಾಟಿ ಓಡಿದ ಸೆಟ್‌ಗೆ ಈ ಉಪಾಯ ಬೇಡ.

ಬದಲಿಸುವ ಮೊದಲು ನೋಡಬೇಕಾದ್ದು

ಗಾಡಿ ಓಡುತ್ತಿಲ್ಲ ಅಂದ ತಕ್ಷಣ ಬ್ಯಾಟರಿ ಸತ್ತಿದೆ ಅಂತಲ್ಲ. ಫುಲ್ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ ಒಳ್ಳೆಯ 12 ವೋಲ್ಟ್ ಬ್ಯಾಟರಿ 12.6ರಿಂದ 12.7 ತೋರಿಸುತ್ತೆ. 12.2ರ ಆಸುಪಾಸು ಅಂದ್ರೆ ಅರ್ಧ ಖಾಲಿ. ನಿಂತ ಗಾಡಿಯಲ್ಲಿ ಅಳೆದರೆ ಸಾಲದು, ಜನ ಕೂರಿಸಿ ಓಡಿಸುತ್ತಾ ಒಂದೊಂದನ್ನೇ ಅಳೆಯಬೇಕು. ಮೂರು 12ರ ಹತ್ತಿರ ಇದ್ದು ಒಂದು 10.5ಕ್ಕಿಂತ ಕೆಳಗೆ ಕುಸಿದರೆ ತೊಂದರೆ ಇರುವುದು ಅಲ್ಲೇ. ನೀರು ಹಾಕುವ ಬ್ಯಾಟರಿಯಾದರೆ ಗ್ರಾವಿಟಿ ಚೆಕ್ ಮಾಡಿಸಬಹುದು. ತುಂಬಿದ ಸೆಲ್ 1.265ರಿಂದ 1.280ರವರೆಗೆ ಇರುತ್ತೆ, ಒಂದು ಸೆಲ್ ಮಾತ್ರ ತೀರಾ ಕೆಳಗಿದ್ದರೆ ಅದು ಮುಗಿದಿದೆ ಅಂತ ಅರ್ಥ.

ನಾಲ್ಕೂ ಸರಿಯಾಗಿದ್ದು ಓಟ ಮಾತ್ರ ಕಮ್ಮಿಯಾಗಿದ್ದರೆ ಕೇಬಲ್ ನೋಡಿ. ಇದನ್ನು ನೋಡುವವರೇ ಕಮ್ಮಿ. 48 ವೋಲ್ಟ್‌ನಲ್ಲಿ 1,000 ವ್ಯಾಟ್ ಮೋಟಾರ್ ಸಮತಟ್ಟು ರಸ್ತೆಯಲ್ಲಿ ಸುಮಾರು 21 ಆಂಪಿಯರ್ ಎಳೆಯುತ್ತೆ. ಜಕ್ಕನಹಳ್ಳಿ ದಾಟಿ ಮೇಲುಕೋಟೆ ಕಡೆ ಏರುವಾಗ ಅದು ಎರಡು–ಮೂರು ಪಟ್ಟಾಗುತ್ತೆ. ತುಕ್ಕು ಹಿಡಿದ ಟರ್ಮಿನಲ್, ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಕೂರಿಸಿದ ಲಗ್, ಸಡಿಲ ನಟ್ಟು ಇಂಥ ಕಡೆ 60 ಆಂಪಿಯರ್ ಹರಿದಾಗ ಆ ಜಾಯಿಂಟ್‌ನಲ್ಲಿ ಓಮ್‌ನ ನೂರರಲ್ಲಿ ಒಂದು ಪಾಲು ಅಡ್ಡಿ ಇದ್ದರೂ 36 ವ್ಯಾಟ್ ಬಿಸಿ ಹುಟ್ಟುತ್ತೆ. ಒಂದು ಸೋಲ್ಡರಿಂಗ್ ಐರನ್ನನ್ನು ಬ್ಯಾಟರಿ ತಲೆ ಮೇಲೆ ಇಟ್ಟ ಹಾಗೆ. ಸೀಸದ ಟರ್ಮಿನಲ್ ಕರಗಿರುವ ಬ್ಯಾಟರಿಗಳಲ್ಲಿ ಎಷ್ಟೋ ಹೀಗೆ ಹಾಳಾದವು, ‘ಕಂಪನಿ ಸರಿ ಇಲ್ಲ’ ಅಂತ ಬೈಸಿಕೊಳ್ಳುವುದು ಮಾತ್ರ ಬ್ಯಾಟರಿ ಕಂಪನಿ. ಏರು ಹತ್ತಿ ಬಂದ ಮೇಲೆ ಕೇಬಲ್ ತುದಿಗಳ ಹತ್ತಿರ ಕೈ ಹಿಡಿದು ನೋಡಿ. ಬೇರೆ ಕಡೆಗಿಂತ ಬಿಸಿ ಇರುವ ಜಾಯಿಂಟ್ ಬಿಚ್ಚಿ, ಉಜ್ಜಿ, ಹೊಸ ಲಗ್ ಪ್ರೆಸ್ ಮಾಡಿಸಿ ಹಾಕಬೇಕು. ಹೊಸ ಸೆಟ್‌ಗೆ ಹಳೆ ಕೇಬಲ್ ಹಾಕುವುದರಲ್ಲಿ ಉಳಿಯುವುದು ಚಿಲ್ಲರೆ ಕಾಸು.

ಇನ್ನೊಂದು ಚಾಳಿ ಹಾರನ್, ಲೈಟು, ಹಾಡಿನ ಸೆಟ್ಟಿಗೆ ಸಂಬಂಧಿಸಿದ್ದು. ಇವಕ್ಕೆ ಬೇಕಾದ್ದು 12 ವೋಲ್ಟ್, ಗಾಡಿಯಲ್ಲಿರುವುದು 48. ಕಂಪನಿ ಕೊಟ್ಟ ಕನ್ವರ್ಟರ್ ಕೆಟ್ಟಾಗ ಸುಲಭ ಅಂತ ನಾಲ್ಕರಲ್ಲಿ ಒಂದು ಬ್ಯಾಟರಿಯಿಂದಲೇ ನೇರ ವೈರ್ ಎಳೆದುಬಿಡುತ್ತಾರೆ. ಆ ಒಂದು ಬ್ಯಾಟರಿ ದಿನಾ ಉಳಿದ ಮೂರಕ್ಕಿಂತ ಹೆಚ್ಚು ಖಾಲಿಯಾಗುತ್ತಾ ಮೊದಲು ಹೋಗುತ್ತೆ. ಪ್ರತಿ ಸಲ ಒಂದೇ ಜಾಗದ ಬ್ಯಾಟರಿ ಕೈಕೊಡುತ್ತಿದ್ದರೆ ಅದರಿಂದ ಸಣ್ಣ ವೈರ್ ಎಲ್ಲಿಗೆ ಹೋಗಿದೆ ಅಂತ ಮೊದಲು ಹುಡುಕಬೇಕು.

ಎಂಟು ವೋಲ್ಟಿನ ಗಾಡಿಗೆ ಹನ್ನೆರಡು

ಮೈಸೂರು ಮೃಗಾಲಯದಲ್ಲಿ ನಡೆಯಲಾಗದವರನ್ನು ಕೂರಿಸಿಕೊಂಡು ಹೋಗುವ ಬ್ಯಾಟರಿ ಗಾಡಿಯನ್ನು ಈ ಕಡೆಯ ಜನ ಬಹಳ ಮಂದಿ ನೋಡಿದ್ದಾರೆ. ಗಾಲ್ಫ್ ಮೈದಾನಕ್ಕೆಂದು ಹುಟ್ಟಿದ ಗಾಡಿಯ ಜಾತಿ ಅದು. ರೆಸಾರ್ಟ್, ಕಲ್ಯಾಣ ಮಂಟಪ, ತೋಟದ ಮನೆಗಳಿಗೂ ಇಂಥವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತರುವವರಿದ್ದಾರೆ. ಆಟೊದ ಲೆಕ್ಕವನ್ನೇ ಇದಕ್ಕೂ ಹಾಕಿದರೆ ಎಡವಟ್ಟು. ಗಾಲ್ಫ್ ಗಾಡಿಯಲ್ಲಿ 48 ವೋಲ್ಟ್ ಬರುವುದು 8 ವೋಲ್ಟ್‌ನ ಆರು ಬ್ಯಾಟರಿಯಿಂದ ಇರಬಹುದು, 6 ವೋಲ್ಟ್‌ನ ಎಂಟರಿಂದಲೂ ಇರಬಹುದು. ಹಳೆ ಗಾಡಿಗಳಲ್ಲಿ 6 ವೋಲ್ಟ್‌ನ ಆರು, ಅಂದ್ರೆ 36 ವೋಲ್ಟ್ ಮಾತ್ರ ಇರುತ್ತೆ. ಆರು ಗೂಡಿದೆ ಅಂತ 12 ವೋಲ್ಟ್‌ನ ಆರು ಕೂರಿಸಿದರೆ 72 ವೋಲ್ಟ್ ಆಗಿ ಕಂಟ್ರೋಲರ್ ಸುಟ್ಟು ಹೋಗುತ್ತೆ. ಬ್ಯಾಟರಿ ಮೇಲಿನ ಮುಚ್ಚಳ ಎಣಿಸಿದರೆ ಸುಲಭ, ಒಂದು ಮುಚ್ಚಳಕ್ಕೆ 2 ವೋಲ್ಟ್. ನಾಲ್ಕು ಮುಚ್ಚಳ ಇದ್ದರೆ 8 ವೋಲ್ಟ್‌ನದ್ದು.

ಹಳೆಯದು ಬಿಚ್ಚುವ ಮುಂಚೆ ಮೊಬೈಲಲ್ಲಿ ನಾಲ್ಕು ಫೋಟೊ ಹೊಡೆದುಕೊಳ್ಳುವುದು ಎಲ್ಲ ಗಾಡಿಗೂ ಒಳ್ಳೆಯದು. ಕೀ ತೆಗೆದು, ಮೇನ್ ಸ್ವಿಚ್ ಆಫ್ ಮಾಡಿ, ಸೆಟ್‌ನ ಮೈನಸ್ ಕೇಬಲ್ ಮೊದಲು ಬಿಚ್ಚಬೇಕು. ಹಾಕುವಾಗ ಅದೇ ಕೊನೆಗೆ. ಕೈಯಲ್ಲಿ ಉಂಗುರ, ಕಡಗ ಬೇಡ. ಸ್ಪ್ಯಾನರ್‌ಗೆ ಟೇಪ್ ಸುತ್ತಿರಲಿ. ಫ್ಯೂಸ್ ಸುಟ್ಟರೆ ಅಷ್ಟೇ ಆಂಪಿಯರ್‌ನದ್ದು ಹಾಕಬೇಕು, ತಂತಿ ತುಂಡು ಸುತ್ತಿ ಓಡಿಸುವುದು ಗಾಡಿಗೆ ಬೆಂಕಿ ಇಟ್ಟುಕೊಳ್ಳುವ ಕೆಲಸ.

ತೆರಿಗೆ ಇಳಿದ ಮೇಲೆ

2018ರ ಜುಲೈನಿಂದ ಲಿಥಿಯಂ ಬ್ಯಾಟರಿಗೆ ಜಿಎಸ್‌ಟಿ ಶೇ 18 ಇದೆ. ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿಗೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದೂ ಶೇ 18ಕ್ಕೆ ಇಳಿದಿದೆ. ತೆರಿಗೆಗೆ ಮೊದಲು ₹40,000 ಬೆಲೆಯ ಸೆಟ್ ಅಂದುಕೊಂಡರೆ ಮೊದಲು ₹51,200 ಆಗುತ್ತಿದ್ದದ್ದು ಈಗ ₹47,200. ನಾಲ್ಕು ಸಾವಿರದ ವ್ಯತ್ಯಾಸ. ‘ಬಿಲ್ ಇಲ್ದೆ ತಗೊಂಡ್ರೆ ಕಮ್ಮಿ’ ಅನ್ನುವ ವ್ಯವಹಾರದ ಆಸೆಯೂ ಅಷ್ಟರ ಮಟ್ಟಿಗೆ ಕಮ್ಮಿಯಾಗಬೇಕು. ಬಿಲ್ ಮೇಲೆ ಬ್ಯಾಟರಿಯ ಸೀರಿಯಲ್ ನಂಬರ್ ಇಲ್ಲದಿದ್ದರೆ ವಾರಂಟಿ ಕೇಳಲು ಬಾಯೇ ಇರುವುದಿಲ್ಲ. ಗಾಡಿ ಓಡಿಸುವ ಬ್ಯಾಟರಿಗೆ ಇನ್ವರ್ಟರ್ ಬ್ಯಾಟರಿಯಷ್ಟು ಉದ್ದದ ವಾರಂಟಿಯೂ ಸಿಗುವುದಿಲ್ಲ, ಹಾಗಾಗಿ ಒಂದೊಂದು ತಿಂಗಳೂ ಲೆಕ್ಕವೇ. ಇನ್ನು ಟ್ರ್ಯಾಕ್ಟರ್ ಬ್ಯಾಟರಿ, ಕಾರಿನ ಬ್ಯಾಟರಿ ಹಾಕಿ ಕೊಡುವವರ ಸಹವಾಸವೇ ಬೇಡ. ಅವು ಸ್ಟಾರ್ಟ್ ಮಾಡಲು ಒಂದು ಕ್ಷಣ ಜೋರಾಗಿ ಕರೆಂಟ್ ಕೊಡಲೆಂದು ಮಾಡಿದವು, ದಿನಾ ಖಾಲಿಯಾಗಿ ದಿನಾ ತುಂಬುವ ದುಡಿಮೆ ತಡೆಯುವುದಿಲ್ಲ.

ಸರ್ಕಾರದ ಸಹಾಯಧನ ನಂಬಿ ಕಾಯುವವರಿಗೆ ಒಂದು ಮಾತು. ಕೇಂದ್ರದ ಪಿಎಂ ಇ–ಡ್ರೈವ್ ಯೋಜನೆ ಹೊಸ ಗಾಡಿ ಕೊಳ್ಳುವವರಿಗಾಗಿ ಬಂದದ್ದು, ಓಡಿ ಹಳೆಯದಾದ ಗಾಡಿಗೆ ಬ್ಯಾಟರಿ ಬದಲಿಸುವುದಕ್ಕಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಬಸ್ ಹತ್ತುತ್ತಾರೆ ಅಂತ ಮೊದಲೇ ಟ್ರಿಪ್ ಎಣಿಸುತ್ತಿರುವ ಆಟೊದವರಿಗೆ ಬ್ಯಾಟರಿ ಖರ್ಚು ಪೂರ್ತಿ ಕೈಯಿಂದಲೇ.

ಮನೆಯ ಕರೆಂಟ್ ಬಿಲ್‌ಗೂ ಹಳೆ ಬ್ಯಾಟರಿ ಕೈ ಹಾಕುತ್ತೆ. 48 ವೋಲ್ಟ್, 100 ಆಂಪಿಯರ್ ಅವರ್ ಸೆಟ್ ಅಂದ್ರೆ 4.8 ಯೂನಿಟ್. ದಿನಕ್ಕೆ ಮುಕ್ಕಾಲಿಗಿಂತ ಹೆಚ್ಚು ಖಾಲಿ ಮಾಡಿದರೆ, ಚಾರ್ಜಿಂಗ್‌ನಲ್ಲಿ ಬಿಸಿಯಾಗಿ ಹೋಗುವುದೂ ಸೇರಿ ಮೀಟರಿನಲ್ಲಿ ಸುಮಾರು 5 ಯೂನಿಟ್ ಓಡುತ್ತೆ. ತಿಂಗಳಿಗೆ 26 ದಿನ ಅಂದ್ರೆ 130. ಮನೆ ಬಳಕೆ 60 ಯೂನಿಟ್ ಇದ್ದರೆ ಒಟ್ಟು 190. ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚುವರಿ ಅಷ್ಟೇ, ಮಿಕ್ಕಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿತೋ, ಇಡೀ ಬಿಲ್ಲೇ ತಲೆ ಮೇಲೆ. ಬಳಲಿದ ಲೆಡ್ ಬ್ಯಾಟರಿ ಕರೆಂಟ್ ಹೆಚ್ಚು ಕುಡಿದು ಕಮ್ಮಿ ಓಡಿಸುತ್ತೆ, ಮೇಲಿಂದ ಬೇಸಿಗೆಯ ಫ್ಯಾನ್ ಬೇರೆ. ಆ ಹತ್ತು ಯೂನಿಟ್ ದಾಟಲು ಬಹಳ ದಿನ ಬೇಡ. ಇ.ವಿ. ಚಾರ್ಜಿಂಗ್‌ಗೆ ಪ್ರತ್ಯೇಕ ದರಪಟ್ಟಿ ಇದೆ, ಎರಡು–ಮೂರು ಗಾಡಿ ಇಟ್ಟುಕೊಂಡವರು ಸೆಸ್ಕ್ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಲಾಭ.

ಲಿಥಿಯಂ ಹಾಕಿಸಬೇಕಾ?

ಲಿಥಿಯಂ ಒಳ್ಳೆಯದು ಅನ್ನುವುದರಲ್ಲಿ ಸುಳ್ಳಿಲ್ಲ. ನಾಲ್ಕು ಲೆಡ್ ಬ್ಯಾಟರಿ ಸುಮಾರು 120 ಕಿಲೊ ತೂಗುವ ಕಡೆ ಲಿಥಿಯಂ ಪ್ಯಾಕ್ ಅದರ ಅರ್ಧಕ್ಕಿಂತ ಕಮ್ಮಿ. ಲೆಡ್ ಬಾಳಬೇಕಾದರೆ ಅರ್ಧ ಖಾಲಿಯಾಗುವಷ್ಟರಲ್ಲಿ ಚಾರ್ಜಿಗೆ ಹಾಕಬೇಕು, ಲಿಥಿಯಂನಲ್ಲಿ ನೂರಕ್ಕೆ 80–90 ಭಾಗ ಬಳಸಬಹುದು. ಹಾಗಾಗಿ 100ರ ಲೆಡ್ ಜಾಗಕ್ಕೆ 100ರ ಲಿಥಿಯಂ ಬೇಕೇ ಬೇಕು ಅಂತಿಲ್ಲ, 60–70ರದ್ದು ಹೆಚ್ಚುಕಮ್ಮಿ ಅದೇ ಓಟ ಕೊಡುತ್ತೆ. ನೀರು ಹಾಕುವ ತಾಪತ್ರಯವೂ ಇಲ್ಲ.

ತಪ್ಪಾಗುವುದು ಜೊತೆಗಿನ ಸಾಮಾನಿನಲ್ಲಿ. ಲಿಥಿಯಂ ಐರನ್ ಫಾಸ್ಫೇಟ್‌ನ 16 ಸೆಲ್ಲಿನ ಪ್ಯಾಕ್ 58.4 ವೋಲ್ಟ್‌ಗೆ ತುಂಬುತ್ತೆ. ಲೆಡ್ ಬ್ಯಾಟರಿಯ ಕೆಲವು ಚಾರ್ಜರ್‌ಗಳು ಕೊನೆಯಲ್ಲಿ 60 ವೋಲ್ಟ್ ದಾಟಿಸುತ್ತವೆ. ಹಳೆ ಚಾರ್ಜರ್ ಉಳಿಸಿಕೊಂಡರೆ ಪ್ಯಾಕ್ ಒಳಗಿನ ಬಿಎಂಎಸ್ ಪದೇ ಪದೇ ಕಟ್ ಆಗುತ್ತೆ, ಅದು ಕಳಪೆಯಾಗಿದ್ದರೆ ಸೆಲ್ಲೇ ಹಾಳು. ಹಾಗೆಯೇ ಬಿಎಂಎಸ್ ಎಷ್ಟು ಆಂಪಿಯರ್‌ನದ್ದು ಅಂತ ಕೇಳಲೇಬೇಕು. 40 ಆಂಪಿಯರ್‌ನದ್ದು ಹಾಕಿ ಕಳಿಸಿದರೆ ಪಟ್ಟಣದ ಬೀದಿಯಲ್ಲಿ ಚೆನ್ನಾಗಿ ಓಡಿದ ಗಾಡಿ ಮೇಲುಕೋಟೆ ಏರಿನಲ್ಲಿ ಜನರನ್ನು ಕೂರಿಸಿಕೊಂಡೇ ನಿಂತು ಹೋಗುತ್ತೆ.

ಸೆಲ್ ತಂದು ಅಂಗಡಿಯಲ್ಲೇ ಪ್ಯಾಕ್ ಕಟ್ಟಿ ಕೊಡುವವರು ಅಗ್ಗಕ್ಕೆ ಕೊಡುತ್ತಾರೆ. 2022ರಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆಯೇ ಎಐಎಸ್ 156 ಅನ್ನುವ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿ, ಅದೇ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ ಜಾರಿಗೆ ತಂದದ್ದು. ಪ್ಯಾಕ್ ಮೇಲೆ ತಯಾರಕರ ಹೆಸರು, ಟೆಸ್ಟ್ ಆದ ದಾಖಲೆ ಇಲ್ಲದಿದ್ದರೆ ಅದನ್ನು ಜನ ಕೂರುವ ಸೀಟಿನ ಅಡಿ ಇಡುವ ಮುಂಚೆ ಯೋಚನೆ ಮಾಡಬೇಕು. ಇನ್ಶೂರೆನ್ಸ್ ಕಂಪನಿಗೂ ಬ್ಯಾಟರಿ ಬದಲಾದದ್ದನ್ನು ಬರವಣಿಗೆಯಲ್ಲಿ ತಿಳಿಸಿರಬೇಕು.

ನಮ್ಮಂಥ ತಾಲ್ಲೂಕಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ರಿಪೇರಿಯದ್ದು. ಲೆಡ್ ಬ್ಯಾಟರಿ ಕೆಟ್ಟರೆ ಊರಲ್ಲೇ ಯಾರಾದರೂ ಗ್ರಾವಿಟಿ ನೋಡಿ, ಸಂಜೆಯೊಳಗೆ ಬದಲಿ ಕೂರಿಸಿ ಕಳಿಸುತ್ತಾರೆ. ಲಿಥಿಯಂ ಪ್ಯಾಕ್ ಕೆಟ್ಟರೆ ಅದು ಮೈಸೂರಿಗೋ ಬೆಂಗಳೂರಿಗೋ ಹೋಗಿ ಬರಬೇಕು. ಅಷ್ಟು ದಿನ ಗಾಡಿ ಮನೆ ಮುಂದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ರೇಟ್ ಕೇಳುವ ಮುಂಚೆ ಕೇಳಬೇಕಾದ್ದು, ‘ರಿಪೇರಿಗೆ ಹೋದಾಗ ಬದಲಿ ಪ್ಯಾಕ್ ಕೊಡ್ತೀರಾ?’ ಅಂತ. ಕೊಡುತ್ತೇವೆ ಅಂತ ಬಿಲ್ ಮೇಲೆ ಬರೆದುಕೊಡುವ ಡೀಲರ್ ಸಿಕ್ಕರೆ, ದಿನವಿಡೀ ಓಡಿಸುವವರಿಗೆ ಮತ್ತು ಏರಿನ ದಾರಿಯವರಿಗೆ ಲಿಥಿಯಂ ಲಾಭ. ರೈಲ್ವೆ ಸ್ಟೇಷನ್ನಿಂದ ಪೇಟೆಗೆ, ಪೇಟೆಯೊಳಗೆ ಅಂಗಡಿಯಿಂದ ಅಂಗಡಿಗೆ ಸುತ್ತುವ ಗಾಡಿಗೆ ನಾಲ್ಕೂ ಒಟ್ಟಿಗೆ ಬದಲಿಸಿದ ಲೆಡ್ ಸೆಟ್, ಹೊಸ ಕೇಬಲ್, ಚಾರ್ಜ್ ಆದ ಮೇಲೆ ಹಾಕುವ ಬ್ಯಾಟರಿ ನೀರು ಇಷ್ಟು ಸಾಕು. ಬೋರ್ ನೀರು ಮಾತ್ರ ಬೇಡ.

ಹಳೆಯ ಸೆಟ್ಟನ್ನು ಗುಜರಿಗೆ ಹಾಕುವ ಮುಂಚೆ ತೂಕ ಹಾಕಿಸಿಕೊಳ್ಳಿ. ಲೆಡ್ ಬ್ಯಾಟರಿಯಲ್ಲಿ ಸೀಸಕ್ಕೆ ಬೆಲೆ ಇದೆ, ಹೊಸದರ ಬಿಲ್‌ನಲ್ಲಿ ಅದನ್ನು ಕಳೆಯಲು ಅಂಗಡಿಯವರು ಒಪ್ಪುತ್ತಾರೆ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆ ಬ್ಯಾಟರಿಯನ್ನು ಮನೆ ಕಸದ ಜೊತೆ ಸೇರಿಸದೆ ಸಂಗ್ರಹಿಸುವವರಿಗೆ ಕೊಡುವುದು ಬಳಕೆದಾರನ ಹೊಣೆ, ಅವನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ. ಆಸಿಡ್ ನಾಲೆಗೋ ಚರಂಡಿಗೋ ಸುರಿದು ಬರೀ ಸೀಸ ಮಾರಲು ಬರುವವರು ತೂಕಕ್ಕೆ ಎರಡು ರೂಪಾಯಿ ಜಾಸ್ತಿ ಹೇಳಬಹುದು. ವಿ.ಸಿ. ನಾಲೆಯ ನೀರು ಹೋಗುವುದು ಇದೇ ಊರುಗಳ ಗದ್ದೆಗೆ.